ಚಾಲನೆಯಲ್ಲಿರುವ ತಂತ್ರಾಂಶದ ನವೀಕರಣ

ಓಡುತ್ತಿರುವ ತಂತ್ರಾಂಶವನ್ನು ನಿಲ್ಲಿಸದೆಯೇ ಅದರ ಸ್ಥಾನದಲ್ಲಿ ಹೊಸ ಆವೃತ್ತಿಯನ್ನು ಪ್ರತಿಷ್ಠಾಪಿಸುವ ವಿಧಾನ. ಯುನಿಕ್ಸ್ ಹಾಗೂ ಲಿನಕ್ಸ್ ವ್ಯವಸ್ಥೆಗಳಲ್ಲಿ ಕಡತದ ಹೆಸರೆಂಬುದು ಐನೋಡ್ ಎಂಬ ದಾಖಲೆಯನ್ನು ತೋರುವ ಸಂಕೇತಮಾತ್ರವಾದುದರಿಂದ, ಹೊಸ ಕಡತವನ್ನು ಬೇರೊಂದು ಹೆಸರಿನಲ್ಲಿ ಬರೆದಿಟ್ಟು ಬಳಿಕ ಹಳೆಯ ಹೆಸರನ್ನು ಒಮ್ಮೆಗೇ ಅದಕ್ಕೆ ವರ್ಗಾಯಿಸಿದರೂ, ಮೊದಲೇ ಓಡುತ್ತಿದ್ದ ಪ್ರೋಗ್ರಾಮು ನಾಮಶೇಷವೂ ಉಳಿಯದ ಆ ಹಳೆಯ ಐನೋಡನ್ನೇ ಆಶ್ರಯಿಸಿ ತನ್ನ ಕೊನೆಯವರೆಗೂ ನಿರಾತಂಕವಾಗಿ ನಡೆಯುತ್ತದೆ. ಅಂತಹ ಪ್ರೋಗ್ರಾಮಿನ ಸ್ಮೃತಿನಕ್ಷೆಯನ್ನು ತೆರೆದು ನೋಡಿದರೆ ಅದು ಬಳಸುತ್ತಿರುವ ಹಳೆಯ ಗ್ರಂಥಾಲಯ (ಲೈಬ್ರರಿ) ಕಡತದ ಹೆಸರಿನ ಮುಂದೆ ‘ಡಿಲೀಟೆಡ್’ ಎಂಬ ಗುರುತು ಕಾಣುವುದು. ನವೀಕರಣ ಮುಗಿಯಿತೆಂದು ನಿಶ್ಚಿಂತರಾದವರು ಮರೆಯುವುದು ಇದನ್ನೇ, ಏಕೆಂದರೆ ಪ್ರೋಗ್ರಾಮನ್ನು ಪುನರಾರಂಭಿಸುವ ತನಕ ಹಳೆಯ ದೋಷವೂ ಅದರೊಡನೆ ಜೀವಿಸಿರುತ್ತದೆ. ವಿಂಡೋಸ್ ವ್ಯವಸ್ಥೆಯಾದರೋ ಬಳಕೆಯಲ್ಲಿರುವ ಕಡತಕ್ಕೆ ಸಾಮಾನ್ಯವಾಗಿ ಬೀಗ ಹಾಕುವುದರಿಂದ ಪುನರಾರಂಭವನ್ನು ಬೇಡುತ್ತದೆ.

ವ್ಯವಸ್ಥೆಯ ತಿರುಳಾದ ಕರ್ನೆಲನ್ನೇ ಬದಲಿಸುವುದು ಇನ್ನೂ ದುಷ್ಕರ. ಎಂಐಟಿಯಲ್ಲಿ ಜೆಫ್ ಅರ್ನಾಲ್ಡ್ ರೂಪಿಸಿದ ಕೆಸ್ಪ್ಲೈಸ್ (2008) ಇದಕ್ಕೆ ಮಾರ್ಗ ತೋರಿತು. ರೆಡ್ ಹ್ಯಾಟ್ ಸಂಸ್ಥೆಯ ಕೆಪ್ಯಾಚ್ ಮತ್ತು ಸೂಸೆಯ ಕೆಗ್ರಾಫ್ಟ್‌ಗಳ ಅನಂತರ, 2015ರ ಲಿನಕ್ಸ್ 4.0 ಆವೃತ್ತಿಯಲ್ಲಿ ಸಮಾನ ತಳಹದಿಯೊಂದು ಸೇರಿತು. ದೋಷಯುಕ್ತ ಫಂಕ್ಷನ್ನಿನ ಪ್ರವೇಶದಲ್ಲಿಯೇ ಹಾದಿಯನ್ನು ತಿರುಗಿಸಿ ಹೊಸ ಫಂಕ್ಷನ್ನಿಗೆ ಕಳುಹಿಸುವುದು ಇದರ ಮರ್ಮ. ದತ್ತಾಂಶದ ರಚನೆಯೇ ಬದಲಾಗುವಲ್ಲಿ ಈ ಉಪಾಯ ಬಹಳ ಮಟ್ಟಿಗೆ ಸೋಲುತ್ತದೆ.