ಮ್ಯಾನ್‌ಹೈಮ್‌ನ ರೋಲ್ಫ್, ನೆವಾಡಾದ ವಾಶೋ

ನಾನಿರುವ ಮ್ಯಾನ್‌ಹೈಮ್‌ನ ಹಳೇ ಪೇಟೆಯಲ್ಲಿ ವಿಳಾಸ ಅಂದ್ರೆ ಒಂದು ಅಕ್ಷರ, ಒಂದೆರಡು ಅಂಕಿ, ಅಷ್ಟೇ. ಇದೇ ಊರಲ್ಲಿ ಅಂಕಿಗಳಿಂದ ಅಕ್ಷರ ಜೋಡಿಸಿ "ಮಾತಾಡುತ್ತಿದ್ದ" ನಾಯಿಯೊಂದಿತ್ತು ಅಂದ್ರೆ ನಂಬ್ತೀರಾ?

ಹೆಸರು ರೋಲ್ಫ್. ಏರ್‌ಡೇಲ್ ಟೆರಿಯರ್ ಜಾತಿ. ಒಡತಿ ಪೌಲಾ ಮ್ಯೋಕೆಲ್, ವಕೀಲರೊಬ್ಬರ ಹೆಂಡತಿ. 1911ರ ಸುಮಾರಿಗೆ ಒಂದು ದಿನ ಆಕೆ ಮಗಳಿಗೆ ಲೆಕ್ಕ ಹೇಳಿಕೊಡುತ್ತಿದ್ದರಂತೆ. ಮಗಳಿಗೆ ಉತ್ತರ ಹೊಳೆಯಲಿಲ್ಲ. ಪಕ್ಕದಲ್ಲಿದ್ದ ನಾಯಿಯನ್ನು "ಎರಡೂ ಎರಡೂ ಎಷ್ಟೋ?" ಅಂತ ಕೇಳಿದರೆ, ಅದು ಆಕೆಯ ತೋಳಿನ ಮೇಲೆ ನಾಲ್ಕು ಸಲ ತಟ್ಟಿತಂತೆ! ಆಮೇಲೆ ಒಂದೊಂದು ಅಕ್ಷರಕ್ಕೂ ಇಂತಿಷ್ಟು ತಟ್ಟು ಅಂತ ಗೊತ್ತಾಯಿತು. ಆಕೆ ರಟ್ಟು ಹಿಡಿಯುವುದು, ರೋಲ್ಫ್ ಪಂಜದಿಂದ ತಟ್ಟುವುದು. ಪಂಡಿತರೆಲ್ಲ ನೋಡಲು ಬಂದರು. ಮ್ಯೋಕೆಲ್ 1915ರಲ್ಲಿ ತೀರಿಕೊಂಡರು. ರೋಲ್ಫ್ ಬಗ್ಗೆ ಅವರು ಬರೆದ ಪುಸ್ತಕ 1919ರಲ್ಲಿ ಅಚ್ಚಾಯಿತು.

ಇದನ್ನು ಓದಿದಾಗ ನನಗೆ ನೆನಪಾಗಿದ್ದು ನಮ್ಮ ಕೋಲೆಬಸವ. "ಈ ಮನೆಗೆ ಒಳ್ಳೇದಾಗ್ತದಾ ಬಸವಾ?" ಅಂದರೆ ತಲೆ ಆಡಿಸುತ್ತದೆ. ಅದು ಕಲಿಸಿದ ಪಾಠ ಅಂತ ಮನೆಯವರಿಗೂ ಗೊತ್ತು, ಬಸವನ ಯಜಮಾನನಿಗೂ ಗೊತ್ತು. ಆದರೆ ಮ್ಯೋಕೆಲ್ ಮೋಸಗಾತಿ ಅಂತ ನನಗನಿಸುವುದಿಲ್ಲ. ಬರ್ಲಿನ್‌ನಲ್ಲಿ ಗೊರಸು ಬಡಿದು ಲೆಕ್ಕ ಹೇಳುತ್ತಿದ್ದ ಹಾನ್ಸ್ ಎಂಬ ಕುದುರೆಯನ್ನು ಆಸ್ಕರ್ ಫುಂಗ್ಸ್ಟ್ ಪರೀಕ್ಷಿಸಿ, 1907ರಲ್ಲೇ ಗುಟ್ಟು ಬಯಲು ಮಾಡಿದ್ದರು. ಕೇಳುವವರಿಗೆ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಗೂ ಗೊತ್ತಿರುತ್ತಿರಲಿಲ್ಲ! ಸರಿಯಾದ ಎಣಿಕೆ ಬರುತ್ತಲೇ ಕೇಳುವವರ ತಲೆ ಕೂದಲೆಳೆಯಷ್ಟು ಅಲುಗುತ್ತಿತ್ತು. ಅದು ಅವರಿಗೇ ಗೊತ್ತಿರಲಿಲ್ಲ, ಕುದುರೆ ನೋಡಿ ನಿಲ್ಲಿಸುತ್ತಿತ್ತು. ಇಲ್ಲಿ ರಟ್ಟು ಹಿಡಿದ ಕೈ ಯಾರದು ಹೇಳಿ?

ಇದೇ ಅನುಮಾನ ಅರವತ್ತು ವರ್ಷದ ನಂತರ ವಾಶೋ ಎಂಬ ಚಿಂಪಾಂಜಿಯ ಬೆನ್ನಿಗೂ ಬಿತ್ತು. ಅಮೆರಿಕದ ನೆವಾಡಾದಲ್ಲಿ 1966ರಿಂದ ಗಾರ್ಡ್ನರ್ ದಂಪತಿ ಅವಳಿಗೆ ಕಿವುಡರ ಕೈಸನ್ನೆ ಭಾಷೆ ಕಲಿಸಿದರು. ಸುಮಾರು 130 ಸನ್ನೆ ಕಲಿತಳು ಅಂತ ಅವರ ಲೆಕ್ಕ. ಆದರೆ 1979ರಲ್ಲಿ ಹರ್ಬರ್ಟ್ ಟೆರೇಸ್, ತಾವು ಸಾಕಿದ ನಿಮ್ ಎಂಬ ಚಿಂಪಾಂಜಿ ಹೆಚ್ಚಾಗಿ ಮೇಷ್ಟ್ರ ಸನ್ನೆಯನ್ನೇ ತಿರುಗಿ ಒಪ್ಪಿಸುತ್ತಿತ್ತು ಅಂತ ಬರೆದರು. ವ್ಯಾಕರಣ, ವಾಕ್ಯರಚನೆ ಅವುಗಳಿಗೆ ಬಂತು ಅಂತ ಇವತ್ತಿಗೂ ಹೆಚ್ಚಿನ ಭಾಷಾವಿಜ್ಞಾನಿಗಳು ಒಪ್ಪುವುದಿಲ್ಲ.

ಒಪ್ಪದಿದ್ದರೆ ಬೇಡ ಬಿಡಿ. ಆದರೆ ಅದೇ 1979ರಲ್ಲಿ ಇನ್ನೊಂದು ನಡೆಯಿತು. ತನ್ನ ಮರಿಯನ್ನು ಕಳೆದುಕೊಂಡಿದ್ದ ವಾಶೋ, ಲೂಲಿಸ್ ಎಂಬ ಹತ್ತು ತಿಂಗಳ ಮರಿಯನ್ನು ಸಾಕಿಕೊಂಡಳು. ಐದು ವರ್ಷ ಅವನೆದುರು ಮನುಷ್ಯರು ಏಳೇ ಏಳು ಸನ್ನೆ ಬಳಸಿದರು, ಮಿಕ್ಕಿದ್ದೆಲ್ಲ ಬಂದ್! ಆದರೂ ಅವನು ಹತ್ತಾರು ಸನ್ನೆ ಕಲಿತ. ಕಲಿಸಿದ್ದು ವಾಶೋ ಮತ್ತು ಜೊತೆಗಿದ್ದ ಚಿಂಪಾಂಜಿಗಳು.

ವಾಶೋ ತೀರಿಕೊಂಡಿದ್ದು 2007ರ ಅಕ್ಟೋಬರ್ 30ರಂದು. ಅವಳಾಡಿದ್ದು ಭಾಷೆ ಹೌದೋ ಅಲ್ಲವೋ, ಪಂಡಿತರು ಜಗಳಾಡಿಕೊಳ್ಳಲಿ. ಆ ತಾಯಿ ಮಗನ ನಡುವೆ ರಟ್ಟು ಹಿಡಿಯಲು ಮಾತ್ರ ನಮ್ಮವರ್ಯಾರೂ ಇರಲಿಲ್ಲ.