ಮುನಿರ್ಕಾದಿಂದ ವಿಮಾನದೊಳಕ್ಕೆ: ಅಶಿಸ್ತಿನ ಪ್ರಯಾಣಿಕರ ಶಿಕ್ಷೆ ಮತ್ತು ದೂರಿನ ಹಾದಿ

ಸಾರಾಂಶ: ವಿಮಾನದಲ್ಲಿ ಅನುಚಿತವಾಗಿ ವರ್ತಿಸುವವರ ಮೇಲೆ ಭಾರತದಲ್ಲಿ ಎರಡು ಬಗೆಯ ಕ್ರಮಗಳಿವೆ: ಪೊಲೀಸ್ ಮೊಕದ್ದಮೆ ಮತ್ತು ಹಾರಾಟ ನಿಷೇಧ. ಎರಡೂ ಬಹುಮಟ್ಟಿಗೆ ವಿಮಾನಯಾನ ಸಂಸ್ಥೆಯ ದೂರನ್ನೇ ಕಾಯುತ್ತವೆ. ಶಿಕ್ಷೆಯನ್ನು ಮತ್ತಷ್ಟು ಹೆಚ್ಚಿಸುವುದಕ್ಕಿಂತ ದೂರು ಕೊಡುವ ಹೊಣೆಯನ್ನು ಬಿಗಿಗೊಳಿಸುವುದು ತುರ್ತೆಂದು ಈ ಲೇಖನ ವಾದಿಸುತ್ತದೆ.

1. ಮುನಿರ್ಕಾ ಬದಲಿಸಿದ ಕಲಮುಗಳು

ದೆಹಲಿ ಮೆಟ್ರೊದ ಮೆಜೆಂಟಾ ಮಾರ್ಗದಲ್ಲಿ ಮುನಿರ್ಕಾದಿಂದ ಮೂರನೆಯ ನಿಲ್ದಾಣವೇ ಇಂದಿರಾ ಗಾಂಧಿ ವಿಮಾನ ನಿಲ್ದಾಣದ ಒಂದನೇ ಟರ್ಮಿನಲ್. ಈ ನೆರೆತನಕ್ಕಿಂತ ಗಾಢವಾದ ನಂಟು ಕಾನೂನಿನಲ್ಲಿದೆ. 2012ರ ಡಿಸೆಂಬರ್ 16ರ ರಾತ್ರಿ ಮುನಿರ್ಕಾದಲ್ಲಿ ಬಸ್ ಹತ್ತಿದ ಯುವತಿಯ ಮೇಲೆ ನಡೆದ ಸಾಮೂಹಿಕ ಅತ್ಯಾಚಾರ ದೇಶವನ್ನೇ ಬೀದಿಗಿಳಿಸಿತು. ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ 2013ರ ಜನವರಿ 23ರಂದು ವರದಿ ಕೊಟ್ಟಿತು. ಅದರ ಬೆನ್ನಿಗೇ ಬಂದ ಕ್ರಿಮಿನಲ್ ಕಾನೂನು ತಿದ್ದುಪಡಿ ಅತ್ಯಾಚಾರದ ಕಲಮುಗಳಿಗಷ್ಟೇ ಸೀಮಿತವಾಗಲಿಲ್ಲ. ಮಹಿಳೆಯ ಘನತೆಗೆ ಧಕ್ಕೆ ತರುವ ಬಲಪ್ರಯೋಗಕ್ಕೆ ಭಾರತೀಯ ದಂಡ ಸಂಹಿತೆಯ 354ನೇ ಕಲಮಿನಡಿ ಅಲ್ಲಿಯವರೆಗೆ ಹೆಚ್ಚೆಂದರೆ 2 ವರ್ಷ ಸೆರೆವಾಸವಿತ್ತು. ಅದು ಕನಿಷ್ಠ 1, ಗರಿಷ್ಠ 5 ವರ್ಷಕ್ಕೆ ಏರಿತು. ಅಪರಾಧ ಜಾಮೀನುರಹಿತವಾಯಿತು. ಮಾತು, ಸನ್ನೆಗಳಿಂದ ಮಹಿಳೆಯ ಘನತೆಯನ್ನು ಅವಮಾನಿಸುವುದರ ವಿರುದ್ಧದ 509ನೇ ಕಲಮಿನ ಗರಿಷ್ಠ ಶಿಕ್ಷೆ 1 ವರ್ಷದಿಂದ 3 ವರ್ಷವಾಯಿತು. ಹತ್ತು ವರ್ಷಗಳ ನಂತರ ಈ ಎರಡೂ ಕಲಮುಗಳು ವಿಮಾನದೊಳಗಿನ ಘಟನೆಯೊಂದಕ್ಕೆ ಅನ್ವಯವಾದವು.

2. ಒಂದು ತಿಂಗಳ ಮೌನ

2022ರ ನವೆಂಬರ್ 26ರಂದು ನ್ಯೂಯಾರ್ಕ್‌ನಿಂದ ದೆಹಲಿಗೆ ಹೊರಟ ಏರ್ ಇಂಡಿಯಾ ವಿಮಾನದಲ್ಲಿ, ಕುಡಿದಿದ್ದ ಸಹಪ್ರಯಾಣಿಕನೊಬ್ಬ ತನ್ನ ಮೇಲೆ ಮೂತ್ರ ವಿಸರ್ಜಿಸಿದನೆಂದು ಹಿರಿಯ ಮಹಿಳೆಯೊಬ್ಬರು ಆರೋಪಿಸಿದರು. ಅವರು ಮರುದಿನವೇ ಸಂಸ್ಥೆಗೆ ಬರೆದಿದ್ದರೂ ದೂರು ಪೊಲೀಸರನ್ನು ತಲುಪಿದ್ದು ಡಿಸೆಂಬರ್ ಕೊನೆಯಲ್ಲಿ. ದೆಹಲಿ ಪೊಲೀಸರು 2023ರ ಜನವರಿ 4ರಂದು 294, 354, 509 ಮತ್ತು 510ನೇ ಕಲಮುಗಳ ಜೊತೆಗೆ ವಿಮಾನ ನಿಯಮದಡಿ ಎಫ್‌ಐಆರ್ ದಾಖಲಿಸಿದರು. ಕೆಲವೇ ದಿನಗಳಲ್ಲಿ ಆರೋಪಿಯನ್ನು ಬೆಂಗಳೂರಿನಲ್ಲಿ ಬಂಧಿಸಲಾಯಿತು. ಅದೇ ತಿಂಗಳ 31ರಂದು ಅವರಿಗೆ ಜಾಮೀನು ಸಿಕ್ಕಿತು.

ಈ ಎಫ್‌ಐಆರ್‌ನ ಕಲಮುಗಳನ್ನು ಜೊತೆಗಿಟ್ಟು ಓದಿದರೆ ಕಾನೂನಿನ ಎರಡು ಕಾಲಗಳು ಕಾಣುತ್ತವೆ. ಕುಡಿದು ಸಾರ್ವಜನಿಕ ಸ್ಥಳದಲ್ಲಿ ಕಿರುಕುಳ ಕೊಡುವುದಕ್ಕೆ 510ನೇ ಕಲಮು ವಿಧಿಸುತ್ತಿದ್ದ ಗರಿಷ್ಠ ದಂಡ 10 ರೂಪಾಯಿ, ಗರಿಷ್ಠ ಸೆರೆ 24 ಗಂಟೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 355ನೇ ಕಲಮು ದಂಡವನ್ನು 1,000 ರೂಪಾಯಿಗೆ ಏರಿಸಿ ಸಮುದಾಯ ಸೇವೆಯನ್ನೂ ಸೇರಿಸಿದೆ. ಸೆರೆಯ ಅವಧಿ ಅಷ್ಟೇ ಉಳಿದಿದೆ. ಪ್ರಕರಣಕ್ಕೆ ತೂಕ ತಂದದ್ದು 2013ರಲ್ಲಿ ಬಲಗೊಂಡ 354ನೇ ಕಲಮು. ಆದರೆ ಆ ಕಲಮು ಎಷ್ಟೇ ಗಟ್ಟಿಯಾಗಿದ್ದರೂ ಮೊದಲ ಒಂದು ತಿಂಗಳು ಅದು ಸಂತ್ರಸ್ತೆಯ ನೆರವಿಗೆ ಬರಲಿಲ್ಲ.

3. ನಿಷೇಧದ ನಿಯಮ

2017ರ ಮಾರ್ಚ್ 23ರಂದು ಸಂಸದರೊಬ್ಬರು ದೆಹಲಿಯಲ್ಲಿ ಏರ್ ಇಂಡಿಯಾ ಸಿಬ್ಬಂದಿಯ ಮೇಲೆ ಕೈಮಾಡಿದ ಪ್ರಕರಣದ ಬಳಿಕ, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ಸೆಪ್ಟೆಂಬರ್ 8ರಂದು ಪರಿಷ್ಕೃತ ನಿಯಮ ಹೊರಡಿಸಿತು. ಬೈಗುಳ, ಅಮಲಿನ ಗಲಾಟೆ ಮೊದಲ ಹಂತ: 3 ತಿಂಗಳವರೆಗೆ ನಿಷೇಧ. ತಳ್ಳುವುದು, ಹೊಡೆಯುವುದು, ಲೈಂಗಿಕ ಕಿರುಕುಳ ಎರಡನೆಯದು: 6 ತಿಂಗಳವರೆಗೆ. ಜೀವಕ್ಕೆ ಎರವಾಗುವ ಕೃತ್ಯ ಮೂರನೆಯದು: ಕನಿಷ್ಠ 2 ವರ್ಷ. ನಿವೃತ್ತ ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಆಂತರಿಕ ಸಮಿತಿ 30 ದಿನಗಳಲ್ಲಿ ತೀರ್ಮಾನಿಸಬೇಕು. ತೀರ್ಮಾನ ಬರದಿದ್ದರೆ ಪ್ರಯಾಣಿಕ ಮತ್ತೆ ಹಾರಬಹುದು. ಒಂದು ಸಂಸ್ಥೆ ಹೇರಿದ ನಿಷೇಧ ಇನ್ನೊಂದನ್ನು ಕಟ್ಟಿಹಾಕುವುದಿಲ್ಲ.

ನ್ಯೂಯಾರ್ಕ್ ಪ್ರಕರಣದಲ್ಲಿ ಸಮಿತಿ 4 ತಿಂಗಳ ನಿಷೇಧ ವಿಧಿಸಿತು. ಡಿಜಿಸಿಎ ಏರ್ ಇಂಡಿಯಾಕ್ಕೆ 30 ಲಕ್ಷ ರೂಪಾಯಿ ದಂಡ ಹಾಕಿ, ಪೈಲಟ್‌ನ ಪರವಾನಗಿಯನ್ನು 3 ತಿಂಗಳು ಅಮಾನತುಗೊಳಿಸಿತು. 2022ರ ಡಿಸೆಂಬರ್ 6ರ ಪ್ಯಾರಿಸ್–ದೆಹಲಿ ವಿಮಾನದಲ್ಲಿ ಪ್ರಯಾಣಿಕರು ಅನುಚಿತವಾಗಿ ವರ್ತಿಸಿದ್ದನ್ನು ವರದಿ ಮಾಡದ್ದಕ್ಕೆ ಅದೇ ಸಂಸ್ಥೆಗೆ ಮತ್ತೆ 10 ಲಕ್ಷ ದಂಡ ಬಿತ್ತು. ಈ ದಂಡಗಳು ಸರಿಯಾದ ಕಡೆಗೇ ಬೊಟ್ಟು ಮಾಡಿವೆ: ತಪ್ಪು ಪ್ರಯಾಣಿಕನಲ್ಲಿ ಮಾತ್ರವಿರಲಿಲ್ಲ.

4. ಅತಿಯ ಅಪಾಯ

ಕಠಿಣ ಶಿಕ್ಷೆಯೊಂದೇ ಪರಿಹಾರವಲ್ಲ ಎಂಬುದಕ್ಕೂ ನಿದರ್ಶನಗಳಿವೆ. 2017ರ ಅಕ್ಟೋಬರ್ 30ರಂದು ಜೆಟ್ ಏರ್‌ವೇಸ್‌ನ ಮುಂಬೈ–ದೆಹಲಿ ವಿಮಾನದಲ್ಲಿ ಅಪಹರಣ ಬೆದರಿಕೆಯ ಚೀಟಿ ಇಟ್ಟ ಆರೋಪದಲ್ಲಿ ಉದ್ಯಮಿಯೊಬ್ಬರಿಗೆ, 2016ರ ಅಪಹರಣ ವಿರೋಧಿ ಕಾಯ್ದೆಯಡಿ ವಿಶೇಷ ನ್ಯಾಯಾಲಯ 2019ರಲ್ಲಿ ಜೀವಾವಧಿ ಶಿಕ್ಷೆ ಮತ್ತು 5 ಕೋಟಿ ರೂಪಾಯಿ ದಂಡ ವಿಧಿಸಿತು. 2023ರಲ್ಲಿ ಗುಜರಾತ್ ಹೈಕೋರ್ಟ್ ಅವರನ್ನು ಖುಲಾಸೆಗೊಳಿಸಿತು. 2020ರ ಜನವರಿಯಲ್ಲಿ ಸಹಪ್ರಯಾಣಿಕರಾಗಿದ್ದ ಪತ್ರಕರ್ತರೊಬ್ಬರನ್ನು ಪ್ರಶ್ನಿಸಿದ ಹಾಸ್ಯ ಕಲಾವಿದ ಕುನಾಲ್ ಕಾಮ್ರಾ ಅವರ ಮೇಲೆ ಇಂಡಿಗೊ ವಿಚಾರಣೆಗೂ ಮೊದಲೇ 6 ತಿಂಗಳ ನಿಷೇಧ ಹೇರಿತು. ಸಮಿತಿ ಅದನ್ನು 3 ತಿಂಗಳಿಗೆ ಇಳಿಸಿತು. ಹಿರಿಯ ಮಹಿಳೆಯ ದೂರು ಒಂದು ತಿಂಗಳು ಕಾಯಬೇಕಾದರೆ, ಮಾತಿನ ಕಿರಿಕಿರಿಗೆ ಒಂದೇ ದಿನದಲ್ಲಿ ನಿಷೇಧ ಬೀಳುತ್ತದೆ. ಈ ಅಸಮತೆ ಕಲಮುಗಳದ್ದಲ್ಲ, ಅವನ್ನು ಯಾವಾಗ ಬಳಸಬೇಕೆಂದು ನಿರ್ಧರಿಸುವ ಸಂಸ್ಥೆಗಳದ್ದು.

5. ಉಪಸಂಹಾರ

ಬಸ್ಸಿನಲ್ಲಿ ಕಿರುಕುಳಕ್ಕೊಳಗಾದವರು ಸಾಮಾನ್ಯವಾಗಿ ಮುಂದಿನ ನಿಲ್ದಾಣದಲ್ಲಿ ಇಳಿದು ಠಾಣೆಗೆ ಹೋಗಬಹುದು. ಆಕಾಶದಲ್ಲಿ ಆ ಅವಕಾಶವಿಲ್ಲ; ಅಲ್ಲಿ ಕಾನೂನಿನ ಪ್ರತಿನಿಧಿ ಕ್ಯಾಪ್ಟನ್ ಒಬ್ಬರೇ. ಆದ್ದರಿಂದ ಮೂರು ಬದಲಾವಣೆಗಳು ಅಗತ್ಯ. ದೈಹಿಕ ಅಥವಾ ಲೈಂಗಿಕ ದೌರ್ಜನ್ಯದ ಆರೋಪ ಬಂದರೆ, ಇಬ್ಬರ ನಡುವೆ ರಾಜಿಯಾಯಿತೆಂಬ ಸಬೂಬಿಲ್ಲದೆ, ವಿಮಾನ ಇಳಿದ ಕೂಡಲೇ ಪೊಲೀಸರಿಗೆ ಲಿಖಿತ ದೂರು ಹೋಗಬೇಕು. ಆಂತರಿಕ ಸಮಿತಿಯ ವಿಳಂಬದ ಲಾಭ ಆರೋಪಿಗೆ ತಾನಾಗಿಯೇ ಸಿಗಬಾರದು; ವಿಳಂಬಕ್ಕೆ ಸಂಸ್ಥೆ ಉತ್ತರ ಕೊಡಬೇಕು. ನಿಷೇಧದ ಅಧಿಕಾರ ಸಂಸ್ಥೆಯಿಂದ ಸ್ವತಂತ್ರ ಮಂಡಳಿಗೆ ಹೋಗಿ, ಅದರ ತೀರ್ಪು ಎಲ್ಲ ವಿಮಾನಗಳಿಗೂ ಅನ್ವಯಿಸಬೇಕು. ನ್ಯೂಯಾರ್ಕ್ ಪ್ರಕರಣದ ಸಂತ್ರಸ್ತೆ 2023ರಲ್ಲಿ ಸುಪ್ರೀಂ ಕೋರ್ಟ್‌ನ ಮೆಟ್ಟಿಲೇರಿ ಕೇಳಿದ್ದೂ ಸ್ಪಷ್ಟ ಮಾರ್ಗಸೂಚಿಯನ್ನೇ. 2013ರ ತಿದ್ದುಪಡಿ ಶಿಕ್ಷೆಯನ್ನು ಗಟ್ಟಿ ಮಾಡಿತು; ಆ ಶಿಕ್ಷೆ ನೊಂದವರ ಪಾಲಿಗೆ ಅರ್ಥಪೂರ್ಣವಾಗಬೇಕಾದರೆ ದೂರು ಠಾಣೆ ಮುಟ್ಟುವ ಹೊಣೆಯನ್ನೂ ಶಾಸನವೇ ಹೊರಬೇಕು.