ಅಲರ್ಜಿ ಮತ್ತು ಕ್ಯಾನ್ಸರ್
ರೋಗನಿರೋಧಕ ವ್ಯವಸ್ಥೆ ಅಲರ್ಜಿಯಲ್ಲಿ ನಿರುಪದ್ರವಿ ವಸ್ತುವಿನ ಮೇಲೂ ಹರಿಹಾಯುತ್ತದೆ. ಕ್ಯಾನ್ಸರಿನಲ್ಲಿ ದೇಹದ್ದೇ ಕೆಟ್ಟ ಕೋಶವನ್ನು ಗುರುತಿಸದೆ ಬಿಡುತ್ತದೆ. ಚಿತ್ರದುರ್ಗ, ಹಿರಿಯೂರು ಕಡೆಯ ಬೀಳು ಹೊಲಗಳಲ್ಲಿ ಬಿಳಿ ಹೂ ಬಿಡುವ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಅಲರ್ಜಿಗೆ ಕಣ್ಣೆದುರಿನ ನಿದರ್ಶನ: ಅದರ ಪರಾಗಕ್ಕೆ ಬರುವ ಸೀನು, ನೆಗಡಿ ಐಜಿಇ ಎಂಬ ಪ್ರತಿಕಾಯದಿಂದ, ಗಿಡ ಕಿತ್ತವರ ಕೈ, ಕತ್ತು, ಕಣ್ರೆಪ್ಪೆಯ ತುರಿಕೆ ಮುಖ್ಯವಾಗಿ ಟಿ-ಕೋಶಗಳೆಂಬ ರೋಗನಿರೋಧಕ ಕೋಶಗಳಿಂದ. ಅಲರ್ಜಿ ಇದ್ದವರಲ್ಲಿ ಮೆದುಳಿನ ಗ್ಲಿಯೋಮಾ ಗಡ್ಡೆ ಕಡಿಮೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಆದರೆ ಆಸ್ತಮಾ ಇದ್ದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ತುಸು ಹೆಚ್ಚು. ಹಾಗಾಗಿ ಅಲರ್ಜಿಯೇ ರಕ್ಷಣೆ ಎನ್ನುವುದು ಅವಸರದ ಮಾತು. ಕ್ಯಾನ್ಸರಿನ ಕಡೆ ನೋಡಿದರೆ, ಹೊಳಲ್ಕೆರೆ, ಹೊಸದುರ್ಗದ ತೋಟಗಳಲ್ಲಿ ಬೆಳೆಯುವ ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲೇ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ಆದ್ದರಿಂದ ಅಡಿಕೆ ಜಗಿಯುವವರ ಬಾಯಿಹುಣ್ಣು ಎರಡು-ಮೂರು ವಾರವಾದರೂ ಮಾಯದಿದ್ದರೆ, ಅಲರ್ಜಿಯೆಂದು ಮುಲಾಮು ಹಚ್ಚುತ್ತ ಕೂರದೆ ವೈದ್ಯರಿಗೆ ತೋರಿಸಬೇಕು.